ಬಿಸಿಲಿನಲ್ಲಿ ಹೊರಟ ಪೆಟ್ಟಿಗೆಗಳು

ನನ್ನ ತವರು ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆ. ಅಪ್ಪನಿಗೆ ಮೂರು ಎಕರೆ ದ್ರಾಕ್ಷಿ ಪಡ ಇತ್ತು. ಮದುವೆಯಾಗಿ ಹೋದದ್ದು ನಾಸಿಕ್‌ಗೆ. ಅಲ್ಲಿಯೂ ಪಿಂಪಳಗಾವ್, ನಿಫಾಡ್, ದಿಂಡೋರಿ ಎಂದು ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಕಿಟಕಿಯಾಚೆ ದ್ರಾಕ್ಷಿಯೇ. ಆದರೆ ನಮ್ಮ ಕಡೆ ಹಣ್ಣಿನ ಬಹುಪಾಲು ಒಣಗಿ ಮಣೂಕವಾಗುತ್ತದೆ, ನಾಸಿಕ್ ಕಡೆ ಹಸಿಯಾಗಿಯೇ ಊರು ಬಿಡುತ್ತದೆ. ಹಸಿ ಹಣ್ಣನ್ನು ದೂರಕ್ಕೆ ಕಳಿಸುವುದು ಬೇರೆಯೇ ಕೆಲಸ ಎಂಬುದು ನನಗೆ ಗೊತ್ತಿರಲಿಲ್ಲ. ದ್ರಾಕ್ಷಿಯ ನಡುವೆ ಬೆಳೆದವಳು, ಹೊಸದಾಗಿ ಕಲಿಯುವುದೇನಿದೆ ಎಂದುಕೊಂಡಿದ್ದೆ.

ಹುಬ್ಬಳ್ಳಿಯ ಅಕ್ಕನಿಗೆ ಒಂದು ಮಾರ್ಚ್ ತಿಂಗಳಲ್ಲಿ ಐದು ಕಿಲೋ ಥಾಮ್ಸನ್ ದ್ರಾಕ್ಷಿ ಕಳಿಸಿದೆ. ಮರುದಿನ ಮಧ್ಯಾಹ್ನ ಫೋನು ಬಂತು. "ತಂಗೀ, ಡಬ್ಬಿ ತಗದ ಕೂಡ್ಲೇ ಹುಳಿ ವಾಸನಿ ಬಂತು. ಹುಡುಗೂರಿಗೆ ಕೊಡಾಕ ಧೈರ್ಯ ಆಗ್ಲಿಲ್ಲ," ಅಂದಳು. ಆಮೇಲೆ ಅಕ್ಕಪಕ್ಕದವರು, ಪುಣೆ ಬೆಂಗಳೂರಿನ ಬಂಧುಗಳು, ಅವರ ಗುರುತಿನವರು ಎಂದು ಕೇಳುವವರು ಹೆಚ್ಚಾದರು. ಬರಬರುತ್ತ ಅದೇ ನನ್ನ ಸಣ್ಣ ದುಡಿಮೆಯಾಯಿತು. ಯಜಮಾನರ ಕೆಲಸ ಛತ್ರಪತಿ ಸಂಭಾಜಿನಗರದ ವಾಳೂಜ್‌ಗೆ ಬದಲಾದ ಮೇಲೆ (ಆಗ ಊರಿನ ಹೆಸರು ಔರಂಗಾಬಾದ್) ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಾಸಿಕ್ ಕಡೆಯ ದ್ರಾಕ್ಷಿ, ಮೇ ಮಧ್ಯದಿಂದ ಮರಾಠವಾಡದ ಕೇಸರ್ ಮಾವು ಎಂದು ಎರಡು ಹಂಗಾಮಾದವು. ಎರಡೂ ಬೀಳುವುದು ಬೇಸಿಗೆಯಲ್ಲೇ. ಈ ದಾರಿಯಲ್ಲಿ ನನ್ನಿಂದ ಹಾಳಾದ ಹಣ್ಣಿನ ಲೆಕ್ಕ ದೊಡ್ಡದು. ಮನೆಯಿಂದ ಹಣ್ಣು ಕಳಿಸುವ ಇನ್ನೊಬ್ಬರ ಪೆಟ್ಟಿಗೆಯಾದರೂ ಉಳಿಯಲಿ ಎಂದು ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಥರ್ಮಾಕೋಲ್ ಪೆಟ್ಟಿಗೆಗೆ ತಂಪು ಮಾಡಲು ಬರುವುದಿಲ್ಲ.

ಅಕ್ಕನ ಪೆಟ್ಟಿಗೆ ಹಾಳಾದದ್ದಕ್ಕೆ ನಾನು ಬಸ್ಸನ್ನು ದೂರಿದೆ. ಮುಂದಿನ ಸಲ ಮೀನು ಸಾಗಿಸುವಂಥ ದಪ್ಪನೆಯ ಥರ್ಮಾಕೋಲ್ ಪೆಟ್ಟಿಗೆ ತಂದೆ. ಮಧ್ಯಾಹ್ನ ಒಂದು ಗಂಟೆಗೆ ಕೊಯ್ದ ಹಣ್ಣನ್ನು ಅದರಲ್ಲಿ ತುಂಬಿ, ಒಂದು ಸಂದೂ ಬಿಡದೆ ಟೇಪು ಸುತ್ತಿ, ಸಂಜೆಯ ಬಸ್ಸಿಗೆ ಹಾಕಿದೆ. ಈ ಸಲ ಹಣ್ಣು ಮೊದಲಿಗಿಂತ ಹೆಚ್ಚು ಕೆಟ್ಟಿತ್ತು.

ಕಾರಣ ತಿಳಿಸಿದವರು ಪಿಂಪಳಗಾವ್ ಬಳಿಯ ಒಂದು ಪ್ಯಾಕ್‌ಹೌಸಿನ ಹಿರಿಯ ಮೇಲ್ವಿಚಾರಕರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ನನ್ನ ಗೊಂಚಲೊಂದರ ಮಣಿಗೆ ಸೂಜಿಯಂಥ ಥರ್ಮಾಮೀಟರ್ ಚುಚ್ಚಿ ತೋರಿಸಿದರು: 34 ಡಿಗ್ರಿ. "ತಾಈ, ನೀವು ದ್ರಾಕ್ಷಿ ಕಳಿಸ್ತಾ ಇಲ್ಲ, ಬಿಸಿಲು ಕಳಿಸ್ತಾ ಇದ್ದೀರಿ," ಎಂದು ಮರಾಠಿಯಲ್ಲಿ ಹೇಳಿದರು. ಥರ್ಮಾಕೋಲ್ ಒಳಗಿನದನ್ನು ಒಳಗೇ ಹಿಡಿದಿಡುತ್ತದೆ. ತಂಪು ತುಂಬಿದರೆ ತಂಪನ್ನು, ಕಾವು ತುಂಬಿದರೆ ಕಾವನ್ನು. ಅದೂ ಅಲ್ಲದೆ ಕೊಯ್ದ ಹಣ್ಣು ಉಸಿರಾಡುತ್ತಲೇ ಇರುತ್ತದೆ, ಉಸಿರಾಡಿದಷ್ಟೂ ತಾನೇ ಕಾವು ಹುಟ್ಟಿಸುತ್ತದೆ. ಹಣ್ಣು ಬಿಸಿಯಾದಷ್ಟೂ ಆ ಉಸಿರಾಟ ಜೋರಾಗುತ್ತದೆ. ಸಂದಿಲ್ಲದೆ ಮುಚ್ಚಿದ ಪೆಟ್ಟಿಗೆಯಲ್ಲಿ ಆ ಕಾವಿಗೆ ಹೊರಹೋಗಲು ದಾರಿಯೇ ಇರಲಿಲ್ಲ.

ರಫ್ತು ಮಾಡುವವರು ಮೊದಲು ಮಾಡುವುದು ಈ ಹೊಲದ ಕಾವನ್ನು ಇಳಿಸುವ ಕೆಲಸ. ಕೊಯ್ದ ನಾಲ್ಕರಿಂದ ಆರು ತಾಸಿನೊಳಗೆ ಹಣ್ಣು ಪ್ರೀಕೂಲಿಂಗ್ ಕೋಣೆ ಸೇರಬೇಕು. ಅಲ್ಲಿ ದೊಡ್ಡ ಫ್ಯಾನುಗಳು ಪೆಟ್ಟಿಗೆಯ ತೂತುಗಳ ಮೂಲಕ ತಣ್ಣನೆಯ ಗಾಳಿಯನ್ನು ಎಳೆಯುತ್ತವೆ. ಮಣಿಯ ಒಳಗಿನ ಉಷ್ಣತೆ 4 ಡಿಗ್ರಿಗಿಂತ ಕೆಳಗಿಳಿದ ಮೇಲೆ ಹಣ್ಣನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಗಾಳಿಯ ತೇವ ಶೇಕಡಾ 90ರಿಂದ 95 ಇರುವ ಕೋಣೆಯಲ್ಲಿ ಇಡುತ್ತಾರೆ. ಅಲ್ಲಿಂದ ಒಳಗೆ ತಂಪು ಕಾಯುವ ರೀಫರ್ ಕಂಟೇನರಿನಲ್ಲಿ ನ್ಹಾವಾ ಶೇವಾ ಬಂದರು, ಅಲ್ಲಿಂದ ರಾಟರ್‌ಡ್ಯಾಮ್. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಹಲವು ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿಯನ್ನೇ ಬಳಸಿ ಹೋದವು, ಪಯಣದ ದಿನಗಳು ಇನ್ನೂ ಹೆಚ್ಚಾದವು. ವಾರಗಟ್ಟಲೆ ಕಡಲಲ್ಲಿದ್ದ ಹಣ್ಣು ತಿನ್ನುವಂತಿರುತ್ತದೆ. ಒಂದು ರಾತ್ರಿಯ ದಾರಿಯಲ್ಲಿ ನನ್ನದು ಹುಳಿಯಾಗುತ್ತದೆ. ಹೀಗಿರುವಾಗ ದೂರವನ್ನಾಗಲಿ ಬಸ್ಸನ್ನಾಗಲಿ ದೂರಿ ಏನು ಫಲ?

ಅಂದಿನಿಂದ ಕಾಕಾನ ಕೋಣೆಯ ಒಂದು ಮೂಲೆಗೆ ಕಿಲೋ ಲೆಕ್ಕದಲ್ಲಿ ಬಾಡಿಗೆ ಕೊಡುತ್ತೇನೆ. ಥರ್ಮಾಮೀಟರ್ ಚುಚ್ಚಿ ನೋಡದೆ ಒಂದು ಪೆಟ್ಟಿಗೆಯನ್ನೂ ಮುಚ್ಚುವುದಿಲ್ಲ.

2. ಹತ್ತು ಗಂಟೆಯ ಮೇಲೆ ಕತ್ತರಿ ಕೆಳಗಿಡಬೇಕು.

ತಡವಾಗಿ ಕೊಯ್ಯುತ್ತಿದ್ದುದಕ್ಕೆ ನನ್ನ ಅನುಕೂಲವೊಂದೇ ಕಾರಣ. ಮಕ್ಕಳನ್ನು ಶಾಲೆಗೆ ಕಳಿಸಿ, ಅಡುಗೆ ಮುಗಿಸಿ ತೋಟಕ್ಕೆ ಹೋಗುವಷ್ಟರಲ್ಲಿ ಹನ್ನೊಂದಾಗುತ್ತಿತ್ತು. ಪ್ಯಾಕ್‌ಹೌಸಿಗೆ ಕೊಯ್ಯುವ ಹೆಣ್ಣುಮಕ್ಕಳು ಬೆಳಕು ಹರಿಯುವಾಗಲೇ ತೋಟದಲ್ಲಿರುತ್ತಾರೆ. ಇಬ್ಬನಿ ಆರಿದ್ದನ್ನು ನೋಡಿಕೊಂಡು ಶುರು ಮಾಡುತ್ತಾರೆ, ಬಿಸಿಲು ಏರುವ ಮೊದಲೇ ಮುಗಿಸುತ್ತಾರೆ. ಇಬ್ಬನಿಯ ಹಸಿ ಇದ್ದಾಗ ಕೊಯ್ದರೆ ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಹೆದರಿ ಕಾಯುತ್ತ ಕೂತರೆ ಮಣಿ ಕಾಯುತ್ತದೆ. ಆ ನಡುವಿನ ಎರಡು ಮೂರು ತಾಸೇ ಇಡೀ ದಿನದ ಕೆಲಸದ ಹೊತ್ತು.

ಅವರ ಕೈ ನೋಡಿ ಕಲಿತದ್ದು ಇನ್ನೊಂದಿದೆ. ಗೊಂಚಲನ್ನು ತೊಟ್ಟು ಹಿಡಿದೇ ಎತ್ತುತ್ತಾರೆ, ಮಣಿಗೆ ಬೆರಳು ತಾಗಿಸುವುದಿಲ್ಲ. ಮಣಿಯ ಮೇಲಿನ ಬೂದಿಬಣ್ಣದ ತೆಳು ಪುಡಿಯನ್ನು ನಾನು ಧೂಳೆಂದು ತಿಳಿದು ಒದ್ದೆ ಬಟ್ಟೆಯಿಂದ ಒರೆಸಿ ಕಳಿಸುತ್ತಿದ್ದೆ. ಅದು ಹಣ್ಣೇ ಹೊದ್ದುಕೊಂಡ ಮೇಣ, ಒಳಗಿನ ನೀರು ಆರದಂತೆ ಕಾಯುವುದು ಅದೇ. ಹೊಳಪು ಬರಲಿ ಎಂದು ಆ ಹೊದಿಕೆಯನ್ನು ನಾನೇ ಕಿತ್ತು ಹಣ್ಣನ್ನು ಬಿಸಿಲಿಗೆ ಕಳಿಸಿದ್ದೆ.

ಅರೆಮಾಗಿದ್ದು ದಾರಿಯಲ್ಲಿ ಹಣ್ಣಾಗುತ್ತದೆ ಎಂಬ ನಂಬಿಕೆಯೂ ನನಗಿತ್ತು. ಮಾವಿಗೆ ಅದು ಸರಿ, ದ್ರಾಕ್ಷಿಗಲ್ಲ. ಬಳ್ಳಿಯಿಂದ ಬಿಡಿಸಿದ ಮೇಲೆ ದ್ರಾಕ್ಷಿಗೆ ಸಿಹಿ ಏರುವುದಿಲ್ಲ. ಈಗ ಸಿಹಿ ಅಳೆಯುವ ಬ್ರಿಕ್ಸ್ ಮೀಟರಿನ ಗಾಜಿಗೆ ಒಂದು ಹನಿ ರಸ ಹಾಕಿ, 18 ಕಾಣದಿದ್ದರೆ ಕೊಯ್ಲನ್ನು ಮುಂದಕ್ಕೆ ಹಾಕುತ್ತೇನೆ.

3. ಔಷಧದ ಹಾಳೆ ಎರಡು ಹಾಕಿದರೆ ರಕ್ಷಣೆ ಎರಡರಷ್ಟಾಗುವುದಿಲ್ಲ.

ನಾಸಿಕ್ ಪ್ಯಾಕ್‌ಹೌಸಿನಲ್ಲಿ ಪ್ರತಿ ಪೆಟ್ಟಿಗೆಯ ಮೇಲೂ ಒಂದು ಹಾಳೆ ಹಾಸುತ್ತಾರೆ, ಗ್ರೇಪ್ ಗಾರ್ಡ್ ಎನ್ನುತ್ತಾರೆ. ಅದರೊಳಗೆ ಸೋಡಿಯಂ ಮೆಟಾಬೈಸಲ್ಫೈಟ್ ಇರುತ್ತದೆ. ಪೆಟ್ಟಿಗೆಯ ತೇವ ತಾಗಿದಾಗ ಅದರಿಂದ ಸಲ್ಫರ್ ಡೈಆಕ್ಸೈಡ್ ಸ್ವಲ್ಪ ಸ್ವಲ್ಪವೇ ಹೊರಟು ಬೂಷ್ಟನ್ನು ತಡೆಯುತ್ತದೆ. ತಣ್ಣಗಾದ ಹಣ್ಣಿನ ಜೊತೆ, ಉದ್ದ ಪಯಣಕ್ಕೆ ಬಳಸಲು ಮಾಡಿದ ವಸ್ತು ಅದು.

ನಾನು ಕಾಕಾನಲ್ಲಿ ಕೇಳಿ ಹತ್ತು ಹಾಳೆ ತಂದೆ. ಬೆಂಗಳೂರು ದೂರ, ಬಿಸಿಲು ಜಾಸ್ತಿ ಎಂದು ಒಂದೊಂದು ಪೆಟ್ಟಿಗೆಗೆ ಎರಡೆರಡು ಹಾಕಿದೆ, ಒಂದು ಮೇಲೆ, ಒಂದು ಕೆಳಗೆ. ಆ ದಿನ ಪ್ರೀಕೂಲಿಂಗ್ ಕೋಣೆ ತುಂಬಿತ್ತು, ಹಾಗಾಗಿ ಹಣ್ಣು ಪೂರ್ತಿ ತಣ್ಣಗಾಗಿರಲಿಲ್ಲ. ದಾರಿಯಲ್ಲಿ ಪೆಟ್ಟಿಗೆಯೊಳಗೆ ಬೆವರು ಇಳಿದು ಹಾಳೆ ನೆನೆದು, ನಿಧಾನವಾಗಿ ಬರಬೇಕಾದ ಅನಿಲ ಒಮ್ಮೆಲೇ ಬಂದಿತು. ಮಣಿಗಳು ತೊಟ್ಟಿನ ಬುಡದಿಂದ ಬೆಳ್ಳಗಾಗಿದ್ದವು, ಬೆಂಕಿಕಡ್ಡಿ ಗೀರಿದಂಥ ವಾಸನೆ. ಪೆಟ್ಟಿಗೆ ತೆರೆದವರಲ್ಲಿ ಒಬ್ಬರಿಗೆ ಉಬ್ಬಸ ಇತ್ತು. ಅವರು ಕೆಮ್ಮಿ ಸುಸ್ತಾದರಂತೆ. ಉಬ್ಬಸ ಇರುವವರಿಗೆ ಸಲ್ಫೈಟ್ ತೊಂದರೆ ಕೊಡಬಲ್ಲದು ಎಂಬುದನ್ನು ನಾನು ಮೊದಲೇ ತಿಳಿದುಕೊಳ್ಳಬೇಕಿತ್ತು. ಈ ಒಂದು ತಪ್ಪು ನೆನಪಾದರೆ ಈಗಲೂ ಮನಸ್ಸಿಗೆ ಹಿಂಸೆಯಾಗುತ್ತದೆ. ಹಣ್ಣು ಹೋದರೆ ದುಡ್ಡು ಹೋಗುತ್ತದೆ ಅಷ್ಟೆ, ಇದು ಹಾಗಲ್ಲ.

ಒಂದೆರಡು ದಿನದ ದಾರಿಗೆ ಈಗ ಹಾಳೆ ಹಾಕುವುದೇ ಇಲ್ಲ. ತಣ್ಣಗೆ ಮಾಡಿ ಒಣ ಪೆಟ್ಟಿಗೆಯಲ್ಲಿ ಕಳಿಸಿದರೆ ಸಾಕು.

4. ಮಂಜುಗಡ್ಡೆ ಹಣ್ಣಿಗೆ ತಾಗಬಾರದು.

ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಕಟ್ಟಿ ಹಣ್ಣಿನ ನಡುವೆ ಇಟ್ಟು ಕಳಿಸಿದ್ದೆ. ಐಸ್ ಕರಗಿತು, ಚೀಲ ಸೋರಿತು, ರಟ್ಟಿನ ಪೆಟ್ಟಿಗೆಯ ತಳವೇ ಕಳಚಿ ಬಿತ್ತು. ಅದೇ ಬಸ್ಸಿನಲ್ಲಿದ್ದ ಇನ್ನೊಬ್ಬರ ಬಟ್ಟೆಯ ಗಂಟು ನೆನೆದು, ಅದರ ದುಡ್ಡನ್ನೂ ನಾನೇ ಕೊಟ್ಟೆ. ಈಗ ನೀರು ತುಂಬಿ ಗಟ್ಟಿಯಾಗಿಸಿದ ಬಾಟಲಿಯನ್ನು ನಾಲ್ಕು ಪದರ ಪತ್ರಿಕೆಯಲ್ಲಿ ಸುತ್ತಿ, ಹಣ್ಣಿಗೂ ಅದಕ್ಕೂ ನಡುವೆ ರಟ್ಟು ನಿಲ್ಲಿಸಿ ಇಡುತ್ತೇನೆ. ಬಾಟಲಿಯನ್ನು ಪೂರ್ತಿ ತುಂಬಬಾರದು, ಹೆಪ್ಪುಗಟ್ಟುವಾಗ ನೀರು ಹಿಗ್ಗುತ್ತದೆ. ಇದರಿಂದ ಮೊದಲೇ ತಂಪಾದ ಹಣ್ಣಿನ ತಂಪು ನಾಲ್ಕಾರು ತಾಸು ಹೆಚ್ಚು ಉಳಿಯುತ್ತದೆ. ಬಿಸಿ ಹಣ್ಣು ತುಂಬಿದ್ದರೆ ಈ ಬಾಟಲಿಯಿಂದ ಏನೂ ಆಗುವುದಿಲ್ಲ.

5. ದ್ರಾಕ್ಷಿಗೆ ಹಿತವಾದ ಚಳಿ ಮಾವಿಗೆ ಗಾಯ.

ಕೇಸರ್ ಎಂದರೆ ಎಲ್ಲರಿಗೂ ಗುಜರಾತಿನ ಗಿರ್ ನೆನಪಾಗುತ್ತದೆ. ಸಂಭಾಜಿನಗರ, ಜಾಲ್ನಾ, ಬೀಡ್ ಕಡೆಯ ಒಣನೆಲದಲ್ಲೂ ಅದು ಚೆನ್ನಾಗಿ ಬೇರೂರಿದೆ. ಮರಾಠವಾಡಾ ಕೇಸರ್ ಎಂಬ ಹೆಸರಿನಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಮೊದಲ ವರ್ಷ ಅದನ್ನು ಕಳಿಸಲು ಹೊರಟಾಗ ನನ್ನಲ್ಲಿ ತುಸು ಜಂಬವಿತ್ತು. ದ್ರಾಕ್ಷಿಯಲ್ಲಿ ಏಟು ತಿಂದು ಕಲಿತಾಗಿದೆ, ತಂಪು ಮಾಡಿ ಕಳಿಸಿದರೆ ಮುಗಿಯಿತು ಎಂದುಕೊಂಡೆ. ಮರದಿಂದ ಇಳಿಸಿದ ನಲವತ್ತು ಡಜನ್ ಕಾಯಿಯನ್ನು ಗುರುತಿನವರ ಕೋಲ್ಡ್ ಸ್ಟೋರೇಜಿನಲ್ಲಿ 2 ಡಿಗ್ರಿಗೆ ಎರಡು ದಿನ ಇಟ್ಟೆ. ಹೊರಗೆ ತೆಗೆದಾಗ ಕಾಯಿ ಕಲ್ಲಿನಂತೆ, ಒಂದು ಕಲೆಯೂ ಇರಲಿಲ್ಲ. ಎಷ್ಟು ಚೆನ್ನಾಗಿ ಉಳಿದಿದೆ ಎಂದು ಖುಷಿಯಾಯಿತು.

ಪುಣೆ, ಕಲಬುರಗಿ, ಬೆಂಗಳೂರಿಗೆಲ್ಲ ಹೋಯಿತು. ನಾಲ್ಕನೆಯ ದಿನದಿಂದ ಫೋನುಗಳು ಶುರು. ಸಿಪ್ಪೆಯ ಮೇಲೆ ಬೂದು ಮಚ್ಚೆ, ಅಲ್ಲಲ್ಲಿ ತಗ್ಗು. ಒಂದು ಕಡೆ ಮೆತ್ತಗಾದರೆ ಇನ್ನೊಂದು ಕಡೆ ಗಟ್ಟಿ. ಕೆಲವು ಕಾಯಿ ಹಣ್ಣಾಗಲೇ ಇಲ್ಲ, ಹಣ್ಣಾದವಕ್ಕೆ ಕೇಸರಿನ ಆ ಘಮ ಇರಲಿಲ್ಲ. ಕಲಬುರಗಿಯ ಸೋದರತ್ತೆ ಬೇಸರದಿಂದ, "ಇದು ಯಾವ ಊರ ಮಾವಿನಕಾಯಿ ಅವ್ವಾ?" ಅಂದರು.

ಮಾವು ಬಿಸಿನಾಡಿನ ಹಣ್ಣು. 12–13 ಡಿಗ್ರಿಗಿಂತ ಕೆಳಗೆ ಇಟ್ಟರೆ ಅದರ ಒಡಲಿಗೆ ಪೆಟ್ಟಾಗುತ್ತದೆ. ಚಳಿಯಲ್ಲಿರುವ ತನಕ ಆ ಪೆಟ್ಟು ಕಣ್ಣಿಗೆ ಬೀಳುವುದಿಲ್ಲ, ಹೊರಗಿನ ಬೆಚ್ಚಗಿನ ಗಾಳಿಗೆ ಬಂದ ಮೇಲೆ ಹೊರಬೀಳುತ್ತದೆ. ನಾನು ಖುಷಿಪಟ್ಟ ಹೊತ್ತಿಗೆ ಹಣ್ಣು ಆಗಲೇ ಸತ್ತಿತ್ತು. ಆ ವರ್ಷ ಎಲ್ಲರ ದುಡ್ಡನ್ನೂ ಹಿಂದಿರುಗಿಸಿದೆ, ಹಂಗಾಮಿನ ಲಾಭವೆಲ್ಲ ಅದಕ್ಕೇ ಹೋಯಿತು.

ಮಾವಿಗೆ ಈಗ ಯಂತ್ರದ ತಂಪು ಕೊಡುವುದಿಲ್ಲ. ಬೆಳಗಿನ ಜಾವ ಇಳಿಸಿದ ಕಾಯಿಯನ್ನು ಮರದ ನೆರಳಿನಲ್ಲಿ ಗಾಳಿಯಾಡುವಂತೆ ಹರಡುತ್ತೇನೆ. ತೊಟ್ಟನ್ನು ಬುಡಕ್ಕೇ ಮುರಿದರೆ ಸೊನೆ ಚಿಮ್ಮಿ ಸಿಪ್ಪೆ ಸುಡುತ್ತದೆ. ಅದಕ್ಕಾಗಿ ತುಸು ತೊಟ್ಟು ಬಿಟ್ಟು ಕತ್ತರಿಸಿ, ಆಮೇಲೆ ತೊಟ್ಟು ಕೆಳಗಾಗಿ ನಿಲ್ಲಿಸಿ ಸೊನೆ ಇಳಿಸಬೇಕು. ಕಳಿಸುವುದು ಬಲಿತ ಕಾಯಿಯನ್ನು, ಹಣ್ಣನ್ನಲ್ಲ. ದಾರಿಯ ಕಾವಿನಲ್ಲಿ ಅದು ತಾನಾಗಿ ಮಾಗುತ್ತ ಹೋಗುತ್ತದೆ. ಬೇಗ ಬಣ್ಣ ಬರಲಿ ಎಂದು ಕಾರ್ಬೈಡ್ ಪುಡಿ ಇಡುವವರನ್ನು ಕಂಡಿದ್ದೇನೆ. ಅದು ಕಾನೂನಿನಲ್ಲಿ ನಿಷೇಧ, ತಿನ್ನುವವರ ಒಡಲಿಗೂ ಕೇಡು. ಅದನ್ನು ಇಡುವವರಿಂದ ನಾನು ಕಾಯಿ ಕೊಳ್ಳುವುದಿಲ್ಲ.

6. ಈರುಳ್ಳಿಯ ಜೊತೆ ದ್ರಾಕ್ಷಿ ಕಳಿಸಬಾರದು.

ಲಾಸಲ್‌ಗಾವ್ ಈರುಳ್ಳಿ ಮಾರುಕಟ್ಟೆ ನಾಸಿಕ್ ಮನೆಗೆ ಹತ್ತಿರವಿದ್ದ ಕಾರಣ ಈರುಳ್ಳಿ ಲಾರಿ ಬೇಕೆಂದಾಗ ಸಿಗುತ್ತಿತ್ತು. ಹುಬ್ಬಳ್ಳಿಗೆ ಹೊರಟ ಲಾರಿಯೊಂದರ ಹಿಂಬದಿಯಲ್ಲಿ ಕಡಿಮೆ ಬಾಡಿಗೆಗೆ ಇಪ್ಪತ್ತು ಪೆಟ್ಟಿಗೆ ಇಟ್ಟೆ. ಹಣ್ಣು ಕೆಡಲಿಲ್ಲ, ಆದರೆ ಕಚ್ಚಿದವರಿಗೆಲ್ಲ ಈರುಳ್ಳಿ ನೆನಪಾಯಿತು. ಈರುಳ್ಳಿಗೆ ಒಣ ಗಾಳಿ ಬೇಕು, ದ್ರಾಕ್ಷಿಗೆ ತೇವದ ಗಾಳಿ ಬೇಕು. ಒಂದೇ ತಾಡಪತ್ರಿಯ ಕೆಳಗೆ ಎರಡಕ್ಕೂ ಹಿತವಾಗುವ ದಾರಿಯಿಲ್ಲ.

7. ಓಡುವ ಗಾಡಿಗಿಂತ ನಿಂತ ಗಾಡಿಗೆ ಹೆದರಬೇಕು.

ಇಷ್ಟೆಲ್ಲ ಆದ ಮೇಲೂ ಕೆಲವು ಪೆಟ್ಟಿಗೆ ಚೆನ್ನಾಗಿ ತಲುಪುತ್ತಿದ್ದವು, ಕೆಲವು ಕೆಡುತ್ತಿದ್ದವು. ಒಂದೇ ತೋಟ, ಒಂದೇ ದಿನ, ಒಂದೇ ಪೆಟ್ಟಿಗೆ. ಎಲ್ಲಿ ಕೆಡುತ್ತಿದೆ ಎಂದು ತಿಳಿಯದೆ ಎರಡು ಹಂಗಾಮು ಕಳೆದೆ. ಕೊನೆಗೆ ಕಾಕಾ ತಮ್ಮ ಕಂಟೇನರುಗಳಲ್ಲಿ ಇಡುವ ಲಾಗರ್ ಒಂದನ್ನು ಕೊಟ್ಟರು. ಪೆನ್‌ಡ್ರೈವಿನಷ್ಟು ಚಿಕ್ಕದು, ಹತ್ತು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದಿಡುತ್ತದೆ. ಅದನ್ನು ಹಣ್ಣಿನ ನಡುವೆ ಇಟ್ಟು ಸಂಭಾಜಿನಗರದಿಂದ ಬೆಂಗಳೂರಿಗೆ ಕಳಿಸಿ, ಅಲ್ಲಿನ ತಮ್ಮನಿಂದ ವಾಪಸು ತರಿಸಿಕೊಂಡೆ.

ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದಾಗ ನನ್ನ ಊಹೆಯೆಲ್ಲ ತಲೆಕೆಳಗಾಯಿತು. ಹೆದ್ದಾರಿಯಲ್ಲಿ ರಾತ್ರಿಯಿಡೀ ಗೆರೆ ಮೆಲ್ಲಗೆ ಏರಿದೆ, ಹೆದರುವಂಥದ್ದೇನೂ ಇಲ್ಲ. ಗೆರೆ ನೆಟ್ಟಗೆ ಎದ್ದದ್ದು ಎರಡೇ ಕಡೆ. ಒಂದು, ನಮ್ಮೂರಲ್ಲೇ, ಪೆಟ್ಟಿಗೆ ಒಪ್ಪಿಸಿದ ಮೇಲೆ ಗಾಡಿ ಹೊರಡುವ ತನಕ. ಮಧ್ಯಾಹ್ನ ಎರಡರಿಂದ ಏಳರವರೆಗೆ ಅದು ಪತ್ರಾಸಿನ ಗೋದಾಮಿನಲ್ಲಿ ಕೂತಿತ್ತು. ಏಪ್ರಿಲ್ ಮಧ್ಯಾಹ್ನ ಹೊರಗೆ 41 ಇದ್ದಾಗ ಆ ಪತ್ರಾಸಿನ ಕೆಳಗೆ ಎಷ್ಟಿರಬೇಕು ಎಂದು ಅಲ್ಲಿ ಮೂಟೆ ಹೊರುವ ಹುಡುಗರನ್ನು ಕೇಳಬೇಕು. ಇನ್ನೊಂದು, ಬೆಂಗಳೂರಿನಲ್ಲಿ ಭಾನುವಾರ. ಶುಕ್ರವಾರ ಕಳಿಸಿದ್ದು ಶನಿವಾರ ಸಂಜೆ ತಲುಪಿ, ಮನೆಗೆ ಹಂಚುವವರಿಲ್ಲದೆ ಮುಚ್ಚಿದ ವ್ಯಾನಿನಲ್ಲಿ ಸೋಮವಾರದ ತನಕ ಇತ್ತು.

ನಾನು ದಾರಿಗೆ ಹೆದರಿ ಹೆಚ್ಚು ವೇಗದ ಗಾಡಿ ಹುಡುಕುತ್ತಿದ್ದೆ. ಹಣ್ಣು ಕೆಡುತ್ತಿದ್ದುದು ಗಾಡಿ ಓಡದ ಹೊತ್ತಿನಲ್ಲಿ. ಇದು ತಿಳಿದ ಮೇಲೆ ಮೂರು ಕಟ್ಟಳೆ ಮಾಡಿಕೊಂಡೆ. ಪೆಟ್ಟಿಗೆಯನ್ನು ಗಾಡಿ ಹೊರಡುವ ಅರ್ಧ ತಾಸು ಮೊದಲಷ್ಟೇ ಒಪ್ಪಿಸುವುದು, ಅದಕ್ಕಾಗಿ ಸಂಜೆಯ ಅಡುಗೆ ಎಷ್ಟು ತಡವಾದರೂ ಸರಿ. ವಾರದ ಕೊನೆಯ ಮೂರು ದಿನ ಏನನ್ನೂ ಕಳಿಸದಿರುವುದು. ಬಸ್ಸಾದರೆ ಎಂಜಿನ್ ಪಕ್ಕದ ಡಿಕ್ಕಿಯನ್ನು ಬಿಟ್ಟು ನಡುವಿನ ಡಿಕ್ಕಿಯಲ್ಲೇ ಇಡುವಂತೆ ಕ್ಲೀನರನಿಗೆ ಹೇಳಿ, ಇಟ್ಟದ್ದನ್ನು ನಿಂತು ನೋಡಿಯೇ ಮನೆಗೆ ಬರುವುದು. ಆ ಹುಡುಗನ ಹೆಸರು ಕೇಳಿ, ಕೈಗೆ ಒಂದು ಗೊಂಚಲು ಕೊಟ್ಟು ಬರುತ್ತೇನೆ. ಮುಂದಿನ ಸಲ ಅವನೇ "ತಾಈ, ನಡುವಿನ ಡಿಕ್ಕಿ ಖಾಲಿ ಇದೆ" ಎಂದು ಕರೆಯುತ್ತಾನೆ.

ಮುಂಬೈ ಕಡೆಯ ಪೆಟ್ಟಿಗೆಗಳಿಗೆ ಸಮೃದ್ಧಿ ಮಹಾಮಾರ್ಗದಿಂದ ತುಂಬ ಅನುಕೂಲವಾಗಿದೆ. ನಾಗಪುರದಿಂದ ಮುಂಬೈವರೆಗಿನ 701 ಕಿಲೋಮೀಟರಿನ ಆ ರಸ್ತೆ 2022ರ ಡಿಸೆಂಬರಿನಲ್ಲಿ ಶಿರಡಿಯ ತನಕ ತೆರೆಯಿತು, 2025ರ ಜೂನಿನಲ್ಲಿ ಪೂರ್ತಿಯಾಯಿತು. ಸಂಭಾಜಿನಗರದ ಪಕ್ಕದಲ್ಲೇ ಹಾಯುತ್ತದೆ. ಆದರೆ ಅದು ನೆರಳಿಲ್ಲದ ಕಾಂಕ್ರೀಟು. ಮಧ್ಯಾಹ್ನ ಆ ರಸ್ತೆಯಲ್ಲಿ ಟೈರು ಸಿಡಿದು ಗಾಡಿ ನಿಂತರೆ ಹಣ್ಣಿನ ಗತಿ ಏನೆಂದು ಒಮ್ಮೆ ಕಂಡಿದ್ದೇನೆ. ವೇಗದ ರಸ್ತೆ ಇದ್ದರೂ ನಾನು ಹೊರಡಿಸುವುದು ಸೂರ್ಯ ಮುಳುಗಿದ ಮೇಲೆಯೇ.

8. ಒಣ ಬಿಸಿಲು ತೊಟ್ಟಿನಿಂದ ನೀರು ಕುಡಿಯುತ್ತದೆ.

ಕೆಲವು ಪೆಟ್ಟಿಗೆಗಳಲ್ಲಿ ಮಣಿ ಚೆನ್ನಾಗಿದ್ದು, ಗೊಂಚಲಿನ ಕಡ್ಡಿ ಕಂದಾಗಿ ಮುಟ್ಟಿದರೆ ಮಣಿ ಉದುರುತ್ತಿತ್ತು. ತಿನ್ನಲು ತೊಂದರೆಯಿಲ್ಲ, ಆದರೆ ಕೊಂಡವರಿಗೆ ಹಳೆಯದೆನಿಸುತ್ತದೆ. ಸಂಭಾಜಿನಗರದ ಬೇಸಿಗೆ ಮಂಗಳೂರಿನ ಬೇಸಿಗೆಯಲ್ಲ. ಇಲ್ಲಿ ಒಗೆದ ಸೀರೆ ಹತ್ತು ನಿಮಿಷದಲ್ಲಿ ಒಣಗುತ್ತದೆ. ಅಂಥ ಗಾಳಿ ಮೊದಲು ಎಳೆಯುವುದು ಮೇಣವಿಲ್ಲದ ಕಡ್ಡಿಯ ನೀರನ್ನು. ನಮ್ಮ ತಿಕೋಟಾ ಗಾಳಿಯೂ ಇಂಥದ್ದೇ, ನನಗೆ ಹೊಳೆಯಬೇಕಿತ್ತು.

ಕೊಯ್ದ ಕ್ರೇಟುಗಳನ್ನು ಪ್ಯಾಕ್‌ಹೌಸಿಗೆ ತರುವಾಗ ಈಗ ಮೇಲೆ ಹಿಂಡಿದ ಒದ್ದೆ ಗೋಣಿ ಹೊದಿಸುತ್ತೇನೆ, ಹಣ್ಣಿಗೆ ತಾಗದಂತೆ ಒಂದು ಗೇಣು ಎತ್ತರದಲ್ಲಿ. ಒಣ ಗಾಳಿ ಗೋಣಿಯ ನೀರನ್ನು ಎಳೆದುಕೊಂಡು ಒಳಗನ್ನು ತಂಪಾಗಿಡುತ್ತದೆ, ನಮ್ಮ ಮನೆಯ ಮಣ್ಣಿನ ಗಡಿಗೆ ಮಾಡುವ ಕೆಲಸವೇ. ಮುಂಬೈಯ ಬೆವರು ಗಾಳಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಒದ್ದೆ ಗೋಣಿ ಒದ್ದೆಯಾಗಿಯೇ ಉಳಿದು ಬೂಷ್ಟು ತರುತ್ತದೆ.

9. ಪೆಟ್ಟಿಗೆಯ ಮೇಲೆ ತೋಟದ ಹೆಸರು ಬರೆಯಬೇಕು.

ಒಮ್ಮೆ ಮೂರು ತೋಟದ ಹಣ್ಣನ್ನು ಒಟ್ಟಿಗೆ ಪ್ಯಾಕ್ ಮಾಡಿದ್ದೆ. ಎಂಟು ಪೆಟ್ಟಿಗೆಯಲ್ಲಿ ಬೂಷ್ಟು ಬಂತು. ಯಾವ ತೋಟದ್ದೆಂದು ನನಗೆ ಗೊತ್ತಿಲ್ಲ. ಮೂವರು ರೈತರಿಗೂ ಹೇಳಿದೆ, ಮೂವರಿಗೂ ಬೇಸರವಾಯಿತು, ಅವರಲ್ಲಿ ಇಬ್ಬರದಂತೂ ತಪ್ಪೇ ಇರಲಿಲ್ಲ. ರಫ್ತಿನವರಲ್ಲಿ ಇಂಥ ಗೊಂದಲವಿಲ್ಲ. ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೇಡಾದ ಗ್ರೇಪ್‌ನೆಟ್ ವ್ಯವಸ್ಥೆಯಲ್ಲಿ ಪ್ರತಿ ತೋಟಕ್ಕೂ ನೋಂದಣಿ ಸಂಖ್ಯೆ ಇರುತ್ತದೆ, ಯುರೋಪಿನ ಅಂಗಡಿಯಲ್ಲಿರುವ ಪೆಟ್ಟಿಗೆಯಿಂದ ಹಿಂದಕ್ಕೆ ಬಂದು ತೋಟವನ್ನು ಹುಡುಕಬಹುದು. 2010ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಅಂಶ ಮಿತಿಗಿಂತ ಹೆಚ್ಚು ಸಿಕ್ಕಿತೆಂದು ಯುರೋಪಿನಲ್ಲಿ ಮಾಲು ತಡೆಹಿಡಿದರು. ನಾಸಿಕ್ ಭಾಗದ ರೈತರು ಆ ವರ್ಷವನ್ನು ಇನ್ನೂ ಮರೆತಿಲ್ಲ.

ನನ್ನದು ಅಷ್ಟು ದೊಡ್ಡ ವ್ಯವಹಾರವಲ್ಲ. ಆದರೂ ಪ್ರತಿ ಪೆಟ್ಟಿಗೆಯ ಮೇಲೆ ತೋಟದ ಗುರುತು, ಕೊಯ್ದ ದಿನ, ಕೊಯ್ದ ಹೊತ್ತು, ಮುಚ್ಚುವಾಗಿನ ಉಷ್ಣತೆ ಇಷ್ಟನ್ನು ಮಾರ್ಕರಿನಲ್ಲಿ ಬರೆಯುತ್ತೇನೆ. ಪಾಠ ಕಲಿಯಲು ನನಗೆ ಲಾಗರಿಗಿಂತ ಹೆಚ್ಚು ಉಪಯೋಗವಾದದ್ದು ಆ ನಾಲ್ಕು ಸಾಲು.

10. ಕಳಿಸಲಾಗದ ಹಣ್ಣನ್ನು ಕಳಿಸಬಾರದು.

ಏಪ್ರಿಲ್ ತಿಂಗಳಲ್ಲಿ ತೋಟಗಳಲ್ಲಿ ಖರಡ ಛಾಟಣಿ, ಅಂದರೆ ಕೊಯ್ಲಿನ ನಂತರ ಬಳ್ಳಿ ಸವರುವ ಕೆಲಸ, ಶುರುವಾಗುತ್ತದೆ. ಅದಕ್ಕೂ ಮೊದಲು ಉಳಿದ ಕೊನೆಯ ಗೊಂಚಲುಗಳು ತುಂಬ ಸಿಹಿ, ತುಂಬ ಅಗ್ಗ. ಬೇಡವೆನ್ನಲು ಮನಸ್ಸು ಬರುವುದಿಲ್ಲ. ಎಷ್ಟೋ ವರ್ಷ ಆಸೆಗೆ ಬಿದ್ದು ಕೊಂಡು, ಬಿಸಿಲಿನಲ್ಲಿ ಕಳಿಸಿ, ಅರ್ಧಕ್ಕರ್ಧ ಕಳೆದುಕೊಂಡಿದ್ದೇನೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಿದ್ದಾಗ ಕೊಯ್ಲಿನ ನಡುಹೊತ್ತು. ಲಾರಿ ಇಲ್ಲ, ಕೂಲಿಯವರಿಲ್ಲ, ಸಂತೆ ಇಲ್ಲ. ನಾನು ಮುಂಗಡ ಕೊಟ್ಟ ತೋಟದಲ್ಲಿ ಒಂದೂವರೆ ಟನ್ ಹಣ್ಣು ಬಳ್ಳಿಯಲ್ಲೇ ಇತ್ತು. ಅಪ್ಪನಿಗೆ ಫೋನು ಮಾಡಿ ಅತ್ತೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳ, ನೀ ಯಾ ಊರಾಕಿ ಅನ್ನೋದು ಮರತಿ ಏನು? ಬಿಸಿಲಿಗೆ ಯಾಕ ಅಂಜತಿ? ಹಾಕು ರ‍್ಯಾಕಿಗೆ," ಅಂದ.

ಹುಟ್ಟಿದಾಗಿನಿಂದ ಕಂಡದ್ದು ನನಗೆ ಆ ಗಳಿಗೆಯ ತನಕ ನೆನಪಾಗಿರಲಿಲ್ಲ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಗೊಂಚಲನ್ನು ಅದ್ದಿದರೆ ಮಣಿಯ ಮೇಣದ ಹೊದಿಕೆ ಸಡಿಲವಾಗುತ್ತದೆ, ಒಳಗಿನ ನೀರಿಗೆ ದಾರಿ ಸಿಗುತ್ತದೆ. ನಾನು ಅಷ್ಟು ವರ್ಷ ಕಾಪಾಡಲು ಹೆಣಗಿದ್ದ ಅದೇ ಮೇಣ! ನೆರಳುಬಲೆಯ ಕೆಳಗೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ಜಾಳಿಗೆಯ ಮೇಲೆ ಹರಡಿದರೆ, ಒಣ ಗಾಳಿಗೆ ಎರಡು ಮೂರು ವಾರದಲ್ಲಿ ಮಣೂಕ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ. ಅಪ್ಪ ಫೋನಿನಲ್ಲಿ ಅಳತೆ ಹೇಳುತ್ತಿದ್ದ, ತೋಟದ ಮಾಲೀಕರ ಮನೆಯವರೆಲ್ಲ ಸೇರಿ ಅದ್ದಿ ಹಾಕಿದೆವು. ಆ ವರ್ಷ ನಾಸಿಕ್ ಜಿಲ್ಲೆಯ ಎಷ್ಟೋ ರೈತರು ಹೀಗೆಯೇ ಮಣೂಕ ಮಾಡಿ ಉಳಿದುಕೊಂಡರು. ನಮ್ಮ ಮೊದಲ ರ‍್ಯಾಕಿನದು ಕಪ್ಪಾಯಿತು, ಬೆಲೆ ಬರಲಿಲ್ಲ. ಎರಡನೆಯದು ಹಸಿರು ಹಳದಿಯಾಗಿ ಬಂತು.

ಈಗ ಏಪ್ರಿಲ್ 10 ದಾಟಿದ ಮೇಲೆ ಹಸಿ ದ್ರಾಕ್ಷಿ ಕಳಿಸುವುದಿಲ್ಲ. ಕೇಳಿದವರಿಗೆ ಜೂನ್ ತಿಂಗಳಲ್ಲಿ ಮಣೂಕ ಕಳಿಸುತ್ತೇನೆ. ಅದಕ್ಕೆ ಐಸ್ ಬೇಡ, ಲಾಗರ್ ಬೇಡ.

11. ಪೆಟ್ಟಿಗೆ ತೆರೆಯುವವರಿಂದ ನಿಜ ಕೇಳಿಕೊಳ್ಳಬೇಕು.

ಮೊದಲ ಪೆಟ್ಟಿಗೆ ಹುಳಿಯಾಯಿತು ಎಂದು ಹೇಳಿದ ಅಕ್ಕ ಆಮೇಲೆ ಎರಡು ವರ್ಷ, ಕಳಿಸಿದಾಗಲೆಲ್ಲ "ಚಲೋ ಬಂದಾವ" ಎಂದೇ ಹೇಳುತ್ತಿದ್ದಳು. ಒಮ್ಮೆ ತಿಳಿಸದೆ ಹುಬ್ಬಳ್ಳಿಗೆ ಹೋದೆ. ಹಿಂದಿನ ದಿನ ತಲುಪಿದ್ದ ಪೆಟ್ಟಿಗೆ ಹಿತ್ತಿಲಲ್ಲಿತ್ತು, ಎಮ್ಮೆಯ ಮುಂದೆ. ನನ್ನ ಮನಸ್ಸು ನೋಯಬಾರದೆಂದು ಅಷ್ಟು ದಿನ ಮುಚ್ಚಿಟ್ಟಿದ್ದಳು. ಅವಳ ಮಾತು ನಂಬಿ ಅದೇ ತಪ್ಪನ್ನು ಬೇರೆ ಐವತ್ತು ಮನೆಗೆ ಕಳಿಸಿದ್ದೆ. ಅವರಲ್ಲಿ ಎಷ್ಟು ಜನ ಹೀಗೆಯೇ ಸುಮ್ಮನಿದ್ದರೋ.

ನಿಮ್ಮ ಮನೆಗೆ ಬೇಸಿಗೆಯಲ್ಲಿ ಯಾರಾದರೂ ಹಣ್ಣು ಕಳಿಸಿದರೆ, ಅದು ನಾನಾಗಿರಲಿ ಬೇರೆಯವರಾಗಿರಲಿ, ದಯವಿಟ್ಟು ಇಷ್ಟು ಮಾಡಿ. ಪೆಟ್ಟಿಗೆ ತಲುಪುವ ದಿನ ಫೋನು ಎತ್ತಿಕೊಳ್ಳಿ, ತಂದವರು ನಿಮಗಾಗಿ ಬಿಸಿಲಿನಲ್ಲಿ ನಿಂತಿರುತ್ತಾರೆ. ಬಂದ ಕೂಡಲೇ ತೆರೆಯಿರಿ, ಸಂಜೆಗೆ ಇಡಬೇಡಿ. ಒಳಗೆ ಔಷಧದ ಹಾಳೆ ಇದ್ದರೆ ಮಕ್ಕಳ ಕೈಗೆ ಸಿಗದಂತೆ ತೆಗೆದುಹಾಕಿ. ದ್ರಾಕ್ಷಿಯನ್ನು ತೊಳೆಯದೆ ಫ್ರಿಜ್ಜಿಗೆ ಇಡಿ, ತಿನ್ನುವಾಗ ತೊಳೆಯಿರಿ. ಮಾವಿನಕಾಯಿಯನ್ನು ಹಣ್ಣಾಗುವ ತನಕ ಹೊರಗೇ ಇಡಿ. ಕೆಟ್ಟಿದ್ದರೆ ಅದರ ಫೋಟೊ ತೆಗೆದು ಅಂದೇ ಕಳಿಸಿದವರಿಗೆ ತೋರಿಸಿ.